ಪ್ರೀಸ್ಕೂಲ್ ಫ್ರಾಂಚೈಸಿ: ಕಂಪನಿಯ ಲೆಕ್ಕದಲ್ಲಿ ಕಾಣದಿರುವುದು ಏನೇನು?

ಪ್ರಶ್ನೆ

ದಾವಣಗೆರೆಯ ವಿದ್ಯಾನಗರದ ಬಳಿ ಒಂದು ಮನೆಯ ನೆಲಮಹಡಿಯನ್ನು ಬಾಡಿಗೆಗೆ ಪಡೆದು, ದೇಶದಾದ್ಯಂತ ಶಾಖೆಗಳಿರುವ ಪ್ರೀಸ್ಕೂಲ್ ಕಂಪನಿಯೊಂದರ ಫ್ರಾಂಚೈಸಿ ತೆರೆಯಬೇಕೆಂದು ನಾನೂ ನನ್ನ ಪತ್ನಿಯೂ ಯೋಚಿಸಿದ್ದೇವೆ. ಆಕೆ ಎಂಟು ವರ್ಷ ನರ್ಸರಿ ಶಿಕ್ಷಕಿಯಾಗಿದ್ದವರು. ನನಗೆ ವ್ಯಾಪಾರದ ಗಂಧವಿಲ್ಲ. ಕಂಪನಿಯ ಪ್ರತಿನಿಧಿ ತೋರಿಸಿದ ಹಾಳೆಯ ಪ್ರಕಾರ ಎರಡನೆಯ ವರ್ಷದ ಕೊನೆಗೆ ಹಾಕಿದ ಹಣವೆಲ್ಲ ಮರಳಿ ಬರುತ್ತದೆ. ಕರಾರು ಐದು ವರ್ಷದ್ದು. ಈ ದಾರಿಯಲ್ಲಿ ನಡೆದವರು ಆ ಹಾಳೆಯಲ್ಲಿ ಬರೆಯದೆ ಬಿಟ್ಟಿರುವುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಾನು ಮೈಸೂರಿನಲ್ಲಿ 2018ರ ಜೂನ್‌ನಲ್ಲಿ ಇಂಥದ್ದೇ ಒಂದು ಶಾಖೆಯನ್ನು ತೆರೆದು, ನಾಲ್ಕನೆಯ ವರ್ಷ ಮುಚ್ಚಿದವನು. ಕಂಪನಿಯ ಹೆಸರು ಇಲ್ಲಿ ಬೇಡ.

ಆ ಹಾಳೆ ಒಂದು ಮಗು ಪ್ಲೇಗ್ರೂಪ್‌ಗೆ ಸೇರಿದರೆ ಯುಕೆಜಿ ಮುಗಿಸುವವರೆಗೆ ನಾಲ್ಕು ವರ್ಷ ನಿಮ್ಮಲ್ಲೇ ಇರುತ್ತದೆ ಎಂದು ಭಾವಿಸಿಕೊಂಡಿರುತ್ತದೆ. ವಾಸ್ತವದಲ್ಲಿ, ಒಂದನೆಯ ತರಗತಿಗೆ ಸೀಟು ಸಿಗದೇ ಹೋದೀತೆಂಬ ಭಯದಿಂದ ತಂದೆತಾಯಿಯರು ಎಲ್‌ಕೆಜಿಗೇ ಮಗುವನ್ನು ದೊಡ್ಡ ಶಾಲೆಗೆ ಸೇರಿಸಿಬಿಡುತ್ತಾರೆ. ನಮ್ಮ ನರ್ಸರಿಯಲ್ಲಿದ್ದ ಇಪ್ಪತ್ತಾರು ಮಕ್ಕಳಲ್ಲಿ ಮರುವರ್ಷ ಎಲ್‌ಕೆಜಿಗೆ ಉಳಿದವರು ಏಳು ಮಂದಿ. ನಮ್ಮ ಕಲಿಸುವಿಕೆಯ ಬಗ್ಗೆ ಯಾರಿಗೂ ದೂರಿರಲಿಲ್ಲ. ಹೋಗುವಾಗ ಹಲವರು ಕಣ್ಣೀರು ತಂದುಕೊಂಡರು. ಆದರೆ ಹೋದರು. ಹಾಗಾಗಿ ಪ್ರತಿ ವರ್ಷ ಡಿಸೆಂಬರ್‌ನಿಂದ ಜೂನ್‌ವರೆಗೆ ಹೆಚ್ಚುಕಡಿಮೆ ಹೊಸದಾಗಿ ಅಂಗಡಿ ತೆರೆದಂತೆಯೇ ಕರಪತ್ರ, ಬ್ಯಾನರ್, ಬೇಸಿಗೆ ಶಿಬಿರ ಎಂದು ಖರ್ಚು ಮಾಡಬೇಕಾಯಿತು. ಸರ್ಕಾರವೂ 2019ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ ಆರಂಭಿಸಿತು ಎಂಬುದನ್ನು ಮರೆಯಬೇಡಿ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು; ರಾಜ್ಯದಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಅನುಮತಿ ಸಿಕ್ಕಿದ್ದು 2021ರ ನವೆಂಬರ್ 8ರಿಂದ. ಎರಡೂವರೆ ವರ್ಷದ ಮಗುವಿಗೆ ಮೊಬೈಲ್ ತೋರಿಸಿ ಶುಲ್ಕ ಕೇಳಲು ನನಗೆ ಬಾಯಿ ಬರಲಿಲ್ಲ. ಬಾಡಿಗೆಯಂತೂ ನಿಲ್ಲಲಿಲ್ಲ, ಮಕ್ಕಳ ಸಂಖ್ಯೆ ಏನೇ ಇರಲಿ ಕಟ್ಟಲೇಬೇಕೆಂದು ಕರಾರಿನಲ್ಲಿದ್ದ ಕನಿಷ್ಠ ರಾಯಲ್ಟಿಯೂ (ಕಂಪನಿಯ ಹೆಸರು ಬಳಸುವುದಕ್ಕೆ ಅದಕ್ಕೆ ಕೊಡುವ ಪಾಲು) ನಿಲ್ಲಲಿಲ್ಲ. ಸಾಂಕ್ರಾಮಿಕ ಮತ್ತೆ ಬರುತ್ತದೆಂದು ಹೆದರಿಸುತ್ತಿಲ್ಲ. ಕನಿಷ್ಠ ರಾಯಲ್ಟಿಯ ಆ ಒಂದು ಸಾಲನ್ನು ಎರಡು ಸಲ ಓದಿ ಎನ್ನುತ್ತಿದ್ದೇನೆ.

ಉತ್ತರ 2

ನಾನು ಲೆಕ್ಕಪರಿಶೋಧಕ; ಇಂಥ ಕೆಲವು ಶಾಖೆಗಳ ಲೆಕ್ಕ ನೋಡುತ್ತೇನೆ. ಪ್ರೀಸ್ಕೂಲ್ ಶಿಕ್ಷಣಕ್ಕೆ ಜಿಎಸ್‌ಟಿ ವಿನಾಯಿತಿ ಇದೆ ಎಂದು ಕೇಳಿ ಹಲವರು ಸಂತೋಷಪಡುತ್ತಾರೆ. ಆದರೆ ನೀವು ಕಂಪನಿಗೆ ಕೊಡುವ ಫ್ರಾಂಚೈಸಿ ಶುಲ್ಕ ಮತ್ತು ರಾಯಲ್ಟಿಗೆ ಶೇ. 18ರಷ್ಟು ಜಿಎಸ್‌ಟಿ ಬೀಳುತ್ತದೆ, ಮತ್ತು ನಿಮ್ಮ ಸೇವೆಗೆ ವಿನಾಯಿತಿ ಇರುವುದರಿಂದಲೇ ಆ ತೆರಿಗೆಯನ್ನು ಮರಳಿ ಪಡೆಯಲಾಗುವುದಿಲ್ಲ. ನಲವತ್ತು ಮಕ್ಕಳು ತಲಾ 50,000 ರೂಪಾಯಿ ಕಟ್ಟಿದರು ಎಂದುಕೊಳ್ಳಿ. 20 ಲಕ್ಷಕ್ಕೆ ಶೇ. 15ರಂತೆ ರಾಯಲ್ಟಿ 3 ಲಕ್ಷ, ಅದರ ಮೇಲೆ 54,000 ತೆರಿಗೆ. ಇದು ಲಾಭದ ಮೇಲಿನ ಪಾಲಲ್ಲ, ಗಲ್ಲಾಪೆಟ್ಟಿಗೆಗೆ ಬಂದ ಹಣದ ಮೇಲಿನ ಪಾಲು. ನಷ್ಟದ ವರ್ಷದಲ್ಲೂ ತಪ್ಪದು.

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಹಿಂದೆ ಎಷ್ಟು ಶಾಖೆಗಳು ಮುಚ್ಚಿದವು ಎಂಬುದನ್ನು ನಿಮಗೆ ಮುಂಚಿತವಾಗಿ ತಿಳಿಸಬೇಕೆಂದು ಕಂಪನಿಯನ್ನು ಕಟ್ಟಿಹಾಕುವ ನಿಯಮವೂ ಇಲ್ಲ. ಎಲ್ಲವೂ 1872ರ ಕರಾರು ಕಾಯಿದೆಯಡಿ, ನೀವು ಸಹಿ ಹಾಕಿದ ಕಾಗದದಂತೆ. ಆದ್ದರಿಂದ ಅದೇ ಕಂಪನಿಯ ಶಾಖೆ ಮುಚ್ಚಿದವರನ್ನು ನೀವೇ ಹುಡುಕಿ ಮಾತನಾಡಿಸಿ. ಕಂಪನಿ ಪರಿಚಯಿಸುವವರು ಗೆದ್ದವರೇ ಆಗಿರುತ್ತಾರೆ. ವ್ಯಾಜ್ಯದ ಪಂಚಾಯ್ತಿ ಮುಂಬೈಯಲ್ಲೋ ದೆಹಲಿಯಲ್ಲೋ ನಡೆಯಬೇಕೆಂದು ಬರೆದಿದ್ದರೆ, ಎರಡು ಲಕ್ಷದ ತಕರಾರಿಗಾಗಿ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ ಎಂಬುದು ಬರೆದವರಿಗೂ ಗೊತ್ತು.

ಇನ್ನೊಂದು ಮಾತು ವಯಸ್ಸಿನ ಕುರಿತು. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ರಾಜ್ಯ ಸರ್ಕಾರ 2025-26ರ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಅಂಥ ಆದೇಶ ಬರುವವರೆಗೆ ಮಗು ಯುಕೆಜಿಗೋ ಒಂದನೆಯ ತರಗತಿಗೋ ಎಂದು ತಿಳಿಯದೆ ಪೋಷಕರು ಪ್ರವೇಶವನ್ನು ಮುಂದೂಡುತ್ತಾರೆ, ಮೇ ತಿಂಗಳಲ್ಲಿ ನೀವು ಶಿಕ್ಷಕಿಯರಿಗೆ ಕೊಡಬೇಕಾದ ಸಂಬಳದ ಹಣ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕರಾರನ್ನು ಮತ್ತೆ ಓದಿದೆ. ಕನಿಷ್ಠ ರಾಯಲ್ಟಿಯ ಸಾಲು ಹದಿನೇಳನೆಯ ಪುಟದಲ್ಲಿದೆ. ಮನೆಯ ಮಾಲೀಕರು ಹನ್ನೊಂದು ತಿಂಗಳ ಬಾಡಿಗೆ ಕರಾರು ಸಾಕು, ವರ್ಷವರ್ಷ ನವೀಕರಿಸೋಣ ಎನ್ನುತ್ತಾರೆ. ಇದರಲ್ಲಿ ತೊಂದರೆಯುಂಟೇ?

ಉತ್ತರ 1

ಉಂಟು. ಕಂಪನಿಗೆ ನೀವು ಐದು ವರ್ಷ ಬದ್ಧರು, ನಿಮಗೆ ಮಾಲೀಕರು ಹನ್ನೊಂದು ತಿಂಗಳು ಮಾತ್ರ ಬದ್ಧರು. ಗೋಡೆಗೆ ಕಂಪನಿ ಹೇಳಿದ ಬಣ್ಣ, ಮಕ್ಕಳ ಅಳತೆಯ ಶೌಚಾಲಯ, ಅಂಗಳಕ್ಕೆ ರಬ್ಬರ್ ಹಾಸು ಇವಕ್ಕೆಲ್ಲ ಹಣ ಸುರಿದ ಮೇಲೆ ಅವರು ಬಾಡಿಗೆ ಏರಿಸಿದರೆ ಎದ್ದುಹೋಗಲು ನಿಮಗೆ ಆಗುವುದಿಲ್ಲ. ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ಮುದ್ರಾಂಕ ಶುಲ್ಕವೂ ತಗಲುತ್ತದೆ. ಮಾಲೀಕರು ಹಿಂಜರಿಯುವುದು ಹೆಚ್ಚಾಗಿ ಅದಕ್ಕೇ. ಆ ಖರ್ಚನ್ನು ನೀವೇ ಭರಿಸುವುದಾಗಿ ಹೇಳಿ, ಐದು ವರ್ಷದ ಗುತ್ತಿಗೆ ಕೇಳಿ ನೋಡಿ. ಒಪ್ಪದಿದ್ದರೆ ಬೇರೆ ಮನೆ ಹುಡುಕಿ. ಅಲ್ಲಿಯವರೆಗೆ ಕಂಪನಿಗೆ ಮುಂಗಡ ಕೊಡಬೇಡಿ.