ಕೊಲಾಬರೇಟಿವ್‌ಗೆ ‘ಸಹಕಾರಿ’ ಸರಿಯೇ? ‘ಮುಯ್ಯಿ’ ಬಳಸಬಹುದೇ?

ಎಲ್ಲರಿಗೂ ನಮಸ್ಕಾರ.

ಹಾಸನದ ಡಿಗ್ರಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಆನ್‌ಲೈನ್‌ನಲ್ಲಿ ಗುಂಪಾಗಿ ಅಸೈನ್‌ಮೆಂಟ್ ಬರೆಯುವುದು ಹೇಗೆ ಅಂತ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಒಂದು ಹಾಳೆ ತಯಾರು ಮಾಡುತ್ತಿದ್ದೇನೆ. ‘ಕೊಲಾಬರೇಟಿವ್ ಲರ್ನಿಂಗ್’ ಹತ್ತಿರ ಸಿಕ್ಕಿಕೊಂಡಿದ್ದೇನೆ.

‘ಸಹಕಾರಿ ಕಲಿಕೆ’ ಅನ್ನಬಹುದು. ಆದರೆ ನಮ್ಮ ಕಡೆ ಸಹಕಾರಿ ಅಂದರೆ ಸೊಸೈಟಿ, ಬೆಳೆಸಾಲ. ಅದು ಹಾಗಿರಲಿ, ಶಿಕ್ಷಣದವರು ಕೋಆಪರೇಟಿವ್ ಬೇರೆ, ಕೊಲಾಬರೇಟಿವ್ ಬೇರೆ ಅನ್ನುತ್ತಾರೆ. ನಾಲ್ವರು ಒಂದೊಂದು ಭಾಗ ಹಂಚಿಕೊಂಡು, ಅವರವರೇ ಬರೆದು, ಕೊನೆಗೆ ಜೋಡಿಸಿ ಕೊಟ್ಟರೆ ಮೊದಲನೆಯದು. ನಾಲ್ವರೂ ಒಂದೇ ಪುಟ ಹಿಡಿದು, ಒಬ್ಬರದ್ದನ್ನು ಇನ್ನೊಬ್ಬರು ತಿದ್ದಿ, ವಾದ ಮಾಡಿ ಮುಗಿಸಿದರೆ ಎರಡನೆಯದು. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ತೆರೆದ ಮೊದಲ ವಿಕಿ ಜಾಲತಾಣ ಇಂಥದ್ದೇ: ಓದುವವರೇ ತಿದ್ದಬಹುದಿತ್ತು. ಆನ್‌ಲೈನ್ ಪಾಠ, ಅಸೈನ್‌ಮೆಂಟ್‌ಗಳಿಗೆ ಬಳಸುವ ‘ಮೂಡಲ್’ (Moodle) ಸಾಫ್ಟ್‌ವೇರ್‌ನ ವಿಕಿಯಲ್ಲೂ ಹಿಸ್ಟರಿ ತೆರೆದರೆ ಯಾರು ಯಾವಾಗ ಏನು ತಿದ್ದಿದರು, ಯಾರು ಸುಮ್ನೆ ಕೂತಿದ್ದರು ಎಲ್ಲ ಮೇಷ್ಟ್ರಿಗೆ ಗೊತ್ತಾಗುತ್ತದೆ. ಇದಕ್ಕೆ ‘ಕೂಡುಕಲಿಕೆ’, ‘ಕೂಡುಬರಹ’ ಅಂದರೆ ಹೇಗೆ? ‘ಸಹಯೋಗ’ವೂ ತಪ್ಪಲ್ಲ. ಬ್ಯಾನರ್‌ಗಳಲ್ಲಿ ‘ಇವರ ಸಹಯೋಗದೊಂದಿಗೆ’ ಅಂತ ಓದಿ ಓದಿ ನನಗಂತೂ ಅದು ದುಡ್ಡು ಕೊಟ್ಟವರ ಪಟ್ಟಿ ಅನ್ನಿಸುತ್ತದೆ!

ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು. ಮೂಡಲ್‌ನಲ್ಲಿ ‘ವರ್ಕ್‌ಶಾಪ್’ ಅಂತ ಒಂದಿದೆ. ಕಮ್ಮಟವಲ್ಲ ಅದು. ಒಬ್ಬರ ಬರಹಕ್ಕೆ ಇನ್ನೊಬ್ಬ ವಿದ್ಯಾರ್ಥಿ ಅಂಕ ಕೊಡುವ ಏರ್ಪಾಡು. ಬರೆದದ್ದಕ್ಕೂ ಅಂಕ, ಬೇರೆಯವರದ್ದನ್ನು ಎಷ್ಟು ಸರಿಯಾಗಿ ಅಳೆದರು ಅನ್ನುವುದಕ್ಕೂ ಅಂಕ. ‘ಸಹಪಾಠಿ ಮೌಲ್ಯಮಾಪನ’ ಅಂದರೆ ಅರ್ಥವಾಗುತ್ತದೆ, ನಾಲಿಗೆಗೆ ಭಾರ. ನನಗೆ ತೋಚಿದ್ದು ಮುಯ್ಯಾಳಿನ ಮುಯ್ಯಿ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು. ಕೂಲಿ ಇಲ್ಲ, ಲೆಕ್ಕ ಇದೆ. ‘ಮುಯ್ಯಿ ತಿದ್ದುಗೆ’ ಅನ್ನೋಣವೇ?

ಎರಡು ತೊಡಕಿವೆ. ‘ಮುಯ್ಯಿ ತೀರಿಸು’ ಅಂದರೆ ಸೇಡು ಅಂತಲೂ ಆಗುತ್ತದಲ್ವಾ. ಕಮ್ಮಿ ಅಂಕ ಕೊಟ್ಟವನಿಗೆ ಕಮ್ಮಿ ಅಂಕ ಕೊಡುವ ಹುಡುಗರಿಗೆ ಅದು ಬೇಗ ಹೊಳೆಯುತ್ತದೆ. ಇನ್ನೊಂದು, ಯಾರದ್ದು ಯಾರಿಗೆ ಅನ್ನುವುದನ್ನು ಸಾಫ್ಟ್‌ವೇರೇ ಹಂಚಬಹುದು. ನಾನು ಯಾರದ್ದನ್ನು ನೋಡಿದೆನೋ ಅವರೇ ನನ್ನದನ್ನು ನೋಡಬೇಕೆಂದಿಲ್ಲ.

ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಮುಯ್ಯಾಳು ಎರಡು ಮನೆಗಳ ನಡುವಿನ ಲೆಕ್ಕ ಮಾತ್ರವೇ? ಇಡೀ ಕೇರಿ ಸರದಿಯ ಮೇಲೆ ಸುತ್ತಿ ಬರುವುದಕ್ಕೂ ಅದೇ ಮಾತು ಇದೆಯೇ, ಬೇರೆ ಹೆಸರಿದೆಯೇ?