‘ಸಮಾಧಿಯಿಂದ ಎದ್ದನು’: ಯೇಸುವಿನ ಚಿತ್ರಕ್ಕೆ ಕನ್ನಡ ಹೇಳುವಾಗ ಎದುರಾದ ತೊಡಕು

ಪದಚರ್ಚೆಯ ಗೆಳೆಯರಿಗೆ ಚಿತ್ರದುರ್ಗದಿಂದ ನಮಸ್ಕಾರ.

ಒಂದು ಪದ ಎಂಟು ದಿನದಿಂದ ನನ್ನನ್ನು ಬಿಡುತ್ತಿಲ್ಲ. ಈಸ್ಟರ್ ಹಿಂದಿನ ಶನಿವಾರ ಸಂಜೆ ನಮ್ಮ ಬಡಾವಣೆಯ ಕ್ರೈಸ್ತ ಗೆಳೆಯರೊಬ್ಬರ ಮನೆಯಂಗಳದಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಒಂದು ಹಳೆಯ ಮೂಕಿ ಚಿತ್ರ ತೋರಿಸುವವರಿದ್ದಾರೆ. ಸೆಸಿಲ್ ಬಿ. ಡಿಮಿಲ್ 1927ರಲ್ಲಿ ತೆಗೆದ ‘ದಿ ಕಿಂಗ್ ಆಫ್ ಕಿಂಗ್ಸ್’. ಮಾತಿಲ್ಲದ ಚಿತ್ರವಾದ್ದರಿಂದ ನಡುನಡುವೆ ಬರಹದ ಫಲಕಗಳು ಬರುತ್ತವೆ. ಅವುಗಳಲ್ಲಿ ಬಹಳಷ್ಟು, ಬೈಬಲ್ಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಿಂದ ಎತ್ತಿಕೊಂಡ ವಾಕ್ಯಗಳೇ. ಫಲಕ ಬಂದಾಗಲೆಲ್ಲ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವ ಕೆಲಸ ನನ್ನದು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇದೇನು ಮಹಾ ಎಂದುಕೊಂಡು ಒಪ್ಪಿದೆ.

ಕಳೆದ ಭಾನುವಾರ ಮನೆಮಟ್ಟಿಗೆ ಒಮ್ಮೆ ಓಡಿಸಿ ನೋಡಿದೆವು. ನಾಲ್ಕೈದು ಕ್ರೈಸ್ತ ಕುಟುಂಬಗಳು, ಅಕ್ಕಪಕ್ಕದವರು, ಮಕ್ಕಳು. ಕೊನೆಯ ಭಾಗ ಬಂತು. ಬಂಡೆಯ ಬಾಗಿಲು, ಕಾವಲಿಗೆ ರೋಮನ್ ಸಿಪಾಯಿಗಳು. ನಾನು ಹಾಳೆ ನೋಡಿಕೊಂಡು ‘ಯೇಸು ಸಮಾಧಿಯಿಂದ ಎದ್ದನು’ ಎಂದು ಓದಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಪಕ್ಕದ ಮನೆಯ ಅಜ್ಜಿ, ಕೈಮುಗಿದುಕೊಂಡೇ ನನ್ನ ಕಡೆ ತಿರುಗಿ ಕೇಳಿದರು: “ಎಷ್ಟು ದಿನ ಸಮಾಧಿಯಲ್ಲಿ ಕುಳಿತಿದ್ದರು ಮೇಷ್ಟ್ರೇ?”

ಅಜ್ಜಿ ಚಿತ್ರವನ್ನು ಅರ್ಧಂಬರ್ಧ ನೋಡಿದವರಲ್ಲ. ಮೊಳೆ ಹೊಡೆಯುವಾಗ ಸೆರಗಿನಿಂದ ಕಣ್ಣೊರೆಸಿಕೊಂಡವರು. ಆದರೆ ‘ಸಮಾಧಿ’ ಎಂಬ ಒಂದೇ ಮಾತು ಅವರ ಮನಸ್ಸಿನಲ್ಲಿ ಆ ಸಾವನ್ನು ಅಳಿಸಿಬಿಟ್ಟಿತು. ಸತ್ತವನು ಯೋಗಿಯಾದ, ಹೆಣ ಧ್ಯಾನಕ್ಕೆ ಕುಳಿತಿತು. ಇದು ಅಜ್ಜಿಯ ತಪ್ಪಲ್ಲ, ನನ್ನ ಹಾಳೆಯ ತಪ್ಪು.

ಸಮಾಧಿ ಎಂದರೆ ಮೊದಲು ಚಿತ್ತವನ್ನು ಒಂದೆಡೆ ನಿಲ್ಲಿಸುವುದು, ಅಷ್ಟಾಂಗಯೋಗದ ಎಂಟನೆಯ ಅಂಗ. ಅಲ್ಲಿಂದ ಯೋಗಿಯನ್ನು ಮಣ್ಣಿಗಿಟ್ಟ ಜಾಗಕ್ಕೆ, ಕಡೆಗೆ ಯಾರನ್ನೇ ಹೂಳಿದ ಜಾಗಕ್ಕೂ ಪದ ಹಬ್ಬಿತು. ಪತ್ರಿಕೆಯ ಕನ್ನಡದಲ್ಲಿ ಈ ಕಡೆಯ ಅರ್ಥವೇ ರೂಢಿ. ನಮ್ಮ ಸೀಮೆಯಲ್ಲಿ ಮಾತ್ರ ಹಳೆಯ ಎರಡು ಅರ್ಥಗಳಿಗೆ ಇನ್ನೂ ಜೀವವಿದೆ. ಇದು ಮಠಗಳ ನಾಡು. ಗುರುಗಳು ಲಿಂಗೈಕ್ಯರಾಗುತ್ತಾರೆ, ಅವರ ಗದ್ದುಗೆಗೆ ಹೂವು ಏರುತ್ತದೆ, ಜೀವಂತ ಸಮಾಧಿಯಾದ ಶರಣರ ಕಥೆಗಳನ್ನು ಮನೆಮನೆಯಲ್ಲಿ ಹೇಳುತ್ತಾರೆ. ಲಿಂಗಾಯತರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲೇ ಇಡುವ ಪದ್ಧತಿಯೂ ಉಂಟು. ಹಾಗಾಗಿ ಸಮಾಧಿ ಎಂದೊಡನೆ ಅಜ್ಜಿಯ ಕಣ್ಣಿಗೆ ಕಂಡದ್ದು ಮಲಗಿಸಿದ ಶವವಲ್ಲ, ಪದ್ಮಾಸನ. ತಮ್ಮ ಮನೆಯವರು ಸತ್ತರೆ ಇದೇ ಅಜ್ಜಿ ‘ಮಣ್ಣು ಮಾಡಿದೆವು’ ಎನ್ನುತ್ತಾರೆ, ‘ಸಮಾಧಿ ಮಾಡಿದೆವು’ ಎನ್ನುವುದಿಲ್ಲ.

ಇದಕ್ಕೆ ನಾನು ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ಕ್ರೈಸ್ತ ಧರ್ಮ ನಿಂತಿರುವುದೇ ಈ ಒಂದು ಘಟನೆಯ ಮೇಲೆ. ಆತ ನಿಜವಾಗಿ ಸತ್ತ, ಮೂರನೆಯ ದಿನ ಎದ್ದ ಎಂಬುದನ್ನು ಬಿಟ್ಟರೆ ಅದು ಒಬ್ಬ ಒಳ್ಳೆಯ ಬೋಧಕನ ಕಥೆಯಾಗುತ್ತದೆ. ನಂಬುವುದು ಬಿಡುವುದು ನೋಡುವವರಿಗೆ ಸೇರಿದ್ದು. ಕಥೆ ಹೇಳುತ್ತಿರುವುದು ಏನನ್ನು ಎಂಬುದನ್ನು ತಲುಪಿಸುವುದು ಓದುವವನ ಹೊಣೆ. ಪುಸ್ತಕದಲ್ಲಾದರೆ ಪದ ಸ್ವಲ್ಪ ಮಸುಕಾಗಿದ್ದರೂ ನಡೆಯುತ್ತದೆ, ಓದುಗ ಹಿಂದೆ ಮುಂದೆ ನೋಡಿ ಸರಿಪಡಿಸಿಕೊಳ್ಳುತ್ತಾನೆ. ತೆರೆಯ ಮುಂದೆ ಕುಳಿತವರಿಗೆ ಆ ಬಿಡುವಿಲ್ಲ. ಕಣ್ಣು ಒಂದು ಕಂಡು ಕಿವಿ ಇನ್ನೊಂದು ಕೇಳಿದರೆ ಅವರು ಕಿವಿಯನ್ನೇ ನಂಬುತ್ತಾರೆ ಎಂಬುದು ಭಾನುವಾರ ನನಗೆ ತಿಳಿಯಿತು.

ದಾದಾಸಾಹೇಬ್ ಫಾಲ್ಕೆ 1910–11ರ ಸುಮಾರಿಗೆ ಮುಂಬೈಯಲ್ಲಿ ಕ್ರಿಸ್ತನ ಜೀವನದ ಚಿತ್ರ ನೋಡುತ್ತ ಮನಸ್ಸಿನಲ್ಲಿ ಕೃಷ್ಣನನ್ನೂ ರಾಮನನ್ನೂ ಕಂಡರು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಹುಟ್ಟಿತು. ನಮ್ಮ ದೇಶದ ಸಿನಿಮಾದ ಬೇರಿನಲ್ಲೇ ಯೇಸುವಿನ ಕಥೆಯಿದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಅಜ್ಜಿಯೂ ಹಾಗೆಯೇ ತಮ್ಮ ಶರಣರನ್ನು ಕಂಡರೆ ನನಗೆ ಸಂತೋಷವೇ. ಆದರೆ ಅದು ಅವರು ತಾವಾಗಿ ಕಂಡದ್ದಾಗಿರಬೇಕು, ನನ್ನ ಪದದ ಎಡವಟ್ಟಿನಿಂದ ಆದದ್ದಾಗಿರಬಾರದು.

ಹಾಗಾದರೆ ಬೇರೆ ಪದ ಯಾವುದು? ‘ಗೋರಿ’ ಎಂದರೆ ನೆಲದ ಮೇಲೆ ಗಾರೆ ಹಾಕಿ ಎಬ್ಬಿಸಿದ ಕಟ್ಟೆ ಕಣ್ಣಮುಂದೆ ಬರುತ್ತದೆ. ‘ಗುಣಿ’ ಎಂದರೆ ಮಣ್ಣು ತೋಡಿದ ಗುಂಡಿ, ಅದಕ್ಕೆ ಬಾಗಿಲಿಲ್ಲ. ಚಿತ್ರದಲ್ಲಿರುವುದು ಬಾಗಿಲಿರುವ ಜಾಗ. ಯೇಸುವಿನ ದೇಹವನ್ನು ಕೇಳಿ ಪಡೆದು ಒಳಗಿಟ್ಟ ಅರಿಮತಾಯದ ಯೋಸೇಫನ ಆ ತಾಣ ಬಂಡೆಯಲ್ಲಿ ಕೊರೆದದ್ದು ಎಂದು ಸುವಾರ್ತೆ ಬರೆದ ಮತ್ತಾಯ, ಮಾರ್ಕ, ಲೂಕ ಮೂವರೂ ಹೇಳುತ್ತಾರೆ. ಆ ಕಾಲದ ಜೆರುಸಲೇಮಿನಲ್ಲಿ ಉಳ್ಳವರು ದೇಹವನ್ನು ಇಂಥ ಕಲ್ಲಿನ ಕೋಣೆಯ ಜಗಲಿಯ ಮೇಲೆ ಮಲಗಿಸಿ, ಸುಮಾರು ಒಂದು ವರ್ಷದ ಮೇಲೆ ಮೂಳೆಗಳನ್ನು ಆಯ್ದು ಕಲ್ಲಿನ ಪೆಟ್ಟಿಗೆಗೆ ತುಂಬುತ್ತಿದ್ದರು. 1968ರಲ್ಲಿ ಅಲ್ಲಿ ಸಿಕ್ಕ ಇಂಥದೊಂದು ಪೆಟ್ಟಿಗೆಯಲ್ಲಿ ಶಿಲುಬೆಯ ಶಿಕ್ಷೆಗೆ ಒಳಗಾದ ಒಬ್ಬನ ಹಿಮ್ಮಡಿ ಮೂಳೆ, ಹೊಡೆದ ಕಬ್ಬಿಣದ ಮೊಳೆ ಸಮೇತ ಇತ್ತು. ಅಂದರೆ ಆ ಕಲ್ಲಿನ ಕೋಣೆ ಮತ್ತೆ ಮತ್ತೆ ಒಳಹೋಗುವ ಜಾಗ. ಬೆಳಗಿನ ಜಾವ ಹೆಂಗಸರು ಸುಗಂಧದ್ರವ್ಯ ಹಿಡಿದು ಹೋದದ್ದು ಅದಕ್ಕೇ. ಗ್ರೀಕ್ ಮೂಲದ ಪದ ‘ಮ್ನೆಮೆಯೊನ್’, ನೆನಪು ಎಂಬ ಧಾತುವಿನಿಂದ ಬಂದದ್ದು. ಆ ಬೇರಿನ ಅರ್ಥಕ್ಕೆ ನಮ್ಮಲ್ಲಿ ‘ಸ್ಮಾರಕ’ ಇದೆ, ಆದರೆ ಅದನ್ನು ಇಲ್ಲಿ ಓದಿದರೆ ಕಥೆಯೇ ಕೆಡುತ್ತದೆ.

ದುರ್ಗದವನಿಗೆ ತಟ್ಟನೆ ಬರುವ ಮಾತು ‘ಗವಿ’. ಚಂದ್ರವಳ್ಳಿಯ ಅಂಕಲಿ ಮಠಕ್ಕೆ ಹೋದವರಿಗೆ ವಿವರಿಸಬೇಕಿಲ್ಲ: ಬಂಡೆಗಳ ನಡುವೆ ಕೆಳಗಿಳಿಯುವ ಮೆಟ್ಟಿಲು, ಬಗ್ಗಿ ಹೋಗಬೇಕಾದ ಬಾಗಿಲು, ದೀಪವಿಲ್ಲದೆ ಏನೂ ಕಾಣದ ಕೋಣೆಗಳು. ಭಾನುವಾರ ಹುಡುಗನೊಬ್ಬ ತೆರೆಯ ಕಡೆ ಕೈತೋರಿಸಿ “ಅಂಕಲಿ ಮಠ!” ಎಂದು ಕೂಗಿಯೂ ಬಿಟ್ಟ. (ಅದೇ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ರೋಮಿನ ಚಕ್ರವರ್ತಿ ತಿಬೇರಿಯಸನ ಬೆಳ್ಳಿ ನಾಣ್ಯ ಸಿಕ್ಕಿತು. ಯೇಸುವನ್ನು ಶಿಲುಬೆಗೆ ಹಾಕಿದ್ದು ಅವನ ಆಳ್ವಿಕೆಯಲ್ಲಿ. ಈ ಕಥೆ ನಮಗೆ ಅಂದುಕೊಂಡಷ್ಟು ದೂರದ್ದಲ್ಲ.) ಯೋಹಾನನ ಸುವಾರ್ತೆಯಲ್ಲಿ, ಯೇಸು ಸಾವಿನಿಂದ ಎಬ್ಬಿಸಿದ ಲಾಜರನನ್ನು ಇಟ್ಟ ಜಾಗವನ್ನು ಗವಿ ಎಂದೇ ಹೇಳಿದೆ, ಬಾಯಿಗೆ ಕಲ್ಲು ಮುಚ್ಚಿದ ಗವಿ. ಆದ್ದರಿಂದ ಪದ ಬೈಬಲ್ಲಿಗೆ ಹೊರಗಿನದಲ್ಲ.

ಆದರೆ ಇಲ್ಲೂ ಅದೇ ತೊಡಕು ಕಾದಿದೆ. ಗವಿ ಎಂದರೂ ನಮ್ಮವರಿಗೆ ತಪಸ್ಸಿಗೆ ಕುಳಿತವರೇ ನೆನಪಾಗುವುದು. ಗವಿಮಠ, ಗವಿಸಿದ್ಧೇಶ್ವರ ಎಂಬ ಹೆಸರುಗಳೇ ಸಾಕ್ಷಿ. ಹಾಗಾಗಿ ಪದವೊಂದರಿಂದ ಕೆಲಸವಾಗದು, ಅದರ ಪಕ್ಕದಲ್ಲಿ ಸಾವು ಕಾಣಿಸಬೇಕು ಎಂದು ಅನ್ನಿಸಿತು. ‘ಬಂಡೆ ಕೊರೆದ ಗವಿಯಲ್ಲಿ ಹೆಣವನ್ನು ಮಲಗಿಸಿ ಬಾಗಿಲಿಗೆ ಕಲ್ಲು ಮುಚ್ಚಿದರು’ ಎಂದು ಬರೆದೆ. ಮನೆಯ ಯಜಮಾನರು ‘ಹೆಣ’ ಕೇಳಿ ಮುಖ ಬಾಡಿಸಿಕೊಂಡರು. “ನಮ್ಮ ಸ್ವಾಮಿಗೆ ಆ ಮಾತು ಬೇಡ ಮೇಷ್ಟ್ರೇ, ದೇಹ ಅನ್ನಿ” ಎಂದರು. ಅವರ ನೋವು ನನಗೆ ಅರ್ಥವಾಗುತ್ತದೆ. ‘ದೇಹ’ ಸಭ್ಯವಾದ ಪದ, ಆದರೆ ಬದುಕಿರುವವನಿಗೂ ದೇಹವಿದೆ. ‘ಶವ’ ಎಂದರೆ ಆಸ್ಪತ್ರೆಯ ಕಾಗದದ ಮಾತು, ‘ಪಾರ್ಥಿವ ಶರೀರ’ ರಾಜಕಾರಣಿಗಳ ಮೆರವಣಿಗೆಗೆ ಮೀಸಲು. ಗೌರವವೂ ಇದ್ದು ಸಾವೂ ಮರೆಯಾಗದ ಮಾತು ಕನ್ನಡದಲ್ಲಿ ಯಾವುದು? ನನ್ನ ಮೊದಲ ಪ್ರಶ್ನೆ ಇದೇ.

ಎರಡನೆಯದು ಕ್ರಿಯಾಪದ. ‘ಪುನರುತ್ಥಾನ’ ಹಬ್ಬದ ಹೆಸರಿಗೆ ಚೆನ್ನಾಗಿದೆ, ಆದರೆ ಅಂಗಳದಲ್ಲಿ ಕುಳಿತ ಮಕ್ಕಳಿಗೆ ಅದು ಮುಟ್ಟುವುದಿಲ್ಲ. ‘ಏಳು’ ಎಂಬ ನಮ್ಮ ಪುಟ್ಟ ಧಾತುವನ್ನು ನೋಡಿ: ನಿದ್ದೆಯಿಂದ ಏಳುವುದೂ ಅದೇ, ಬಿದ್ದಲ್ಲಿಂದ ಏಳುವುದೂ ಅದೇ, ಮಲಗಿದವರು ಎದ್ದು ನಿಲ್ಲುವುದೂ ಅದೇ. ಗ್ರೀಕಿನಲ್ಲಿ ಇಲ್ಲಿರುವ ‘ಎಗೈರೊ’ ಕೂಡ ಎಚ್ಚರವನ್ನೂ ಏಳುವಿಕೆಯನ್ನೂ ಒಟ್ಟಿಗೇ ಹೇಳುವ ಪದ. ಯಾಯೀರನ ಸತ್ತ ಮಗಳ ಕೈಹಿಡಿದು ಯೇಸು ತನ್ನ ಮನೆಮಾತಾದ ಅರಮಾಯಿಕ್‌ನಲ್ಲಿ ‘ತಲಿಥಾ ಕೂಮ್’ ಎನ್ನುತ್ತಾನೆ. ಕನ್ನಡದ ಯಾವ ತಾಯಿಯೂ ಬೆಳಿಗ್ಗೆ ಮಗಳಿಗೆ ಹೇಳುವ ಮಾತೇ ಅದು: ಮಗಳೇ, ಏಳು. ಇಷ್ಟು ಸಲೀಸಾಗಿ ಹೊಂದುವ ಪದ ಇರುವಾಗ ಸಂಸ್ಕೃತದ ಮೆಟ್ಟಿಲು ಹತ್ತುವುದೇಕೆ?

ಆದರೆ ‘ಎದ್ದನು’ ಎನ್ನಬೇಕೋ ‘ಎದ್ದಿದ್ದಾನೆ’ ಎನ್ನಬೇಕೋ? ಬೆಳಿಗ್ಗೆ ಬಾಗಿಲು ತೆರೆದು ಒದ್ದೆ ಅಂಗಳ ಕಂಡರೆ ನಾವು ‘ರಾತ್ರಿ ಮಳೆ ಬಂದಿದೆ’ ಎನ್ನುತ್ತೇವೆ. ಮಳೆಯನ್ನು ಕಣ್ಣಾರೆ ಕಂಡವನು ‘ಮಳೆ ಬಂತು’ ಎನ್ನುತ್ತಾನೆ. ಕುರುಹು ಕಂಡು ಆಡುವ ಮಾತಿಗೂ ನಡೆದದ್ದನ್ನು ಕಂಡು ಆಡುವ ಮಾತಿಗೂ ಕನ್ನಡ ಬೇರೆ ರೂಪ ಇಟ್ಟಿದೆ. ನಾಲ್ಕು ಸುವಾರ್ತೆಗಳಲ್ಲಿ ಒಂದೂ ಯೇಸು ಏಳುವ ಕ್ಷಣವನ್ನು ವರ್ಣಿಸುವುದಿಲ್ಲ. ಹೆಂಗಸರು ಬರುತ್ತಾರೆ, ಕಲ್ಲು ಸರಿದಿದೆ, ಒಳಗೆ ಯಾರೂ ಇಲ್ಲ. ಒದ್ದೆ ಅಂಗಳ ಮಾತ್ರ. ಅಲ್ಲಿ ‘ಎದ್ದಿದ್ದಾನೆ’ ಎಂಬುದೇ ತಕ್ಕ ರೂಪ.

ಸಿನಿಮಾದವರು ಸುಮ್ಮನಿರಲಾರರು, ಮಳೆಯನ್ನೇ ತೋರಿಸಲು ಹೊರಡುತ್ತಾರೆ. ಡಿಮಿಲ್ ಕಪ್ಪುಬಿಳುಪಿನ ಚಿತ್ರದಲ್ಲಿ ಈ ಭಾಗವನ್ನು ಬಣ್ಣದಲ್ಲಿ ತೆಗೆದ. 2004ರಲ್ಲಿ ಬಂದ ಮೆಲ್ ಗಿಬ್ಸನ್ನನ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ಚಿತ್ರದ ಕೊನೆಯಲ್ಲಿ ಸುತ್ತಿದ ಬಟ್ಟೆ ಮೆಲ್ಲನೆ ಕುಸಿಯುತ್ತದೆ, ಎದ್ದು ನಡೆಯುವವನ ಅಂಗೈಯಲ್ಲಿ ಮೊಳೆಯ ತೂತು ಕಾಣುತ್ತದೆ, ಅಷ್ಟೇ. ನನಗೆ ಆ ಕೆಲವು ಗಳಿಗೆಗಳೇ ಇಡೀ ಚಿತ್ರದ ರಕ್ತಕ್ಕಿಂತ ಹೆಚ್ಚು ತಟ್ಟಿದವು. ಇಂಥ ಕಡೆ ನೋಡುವವರು ಸಾಕ್ಷಿಗಳಾಗಿಬಿಟ್ಟಿರುತ್ತಾರೆ, ‘ಎದ್ದನು’ ಎನ್ನದೆ ವಿಧಿಯಿಲ್ಲ. ಆದರೆ ಅದೇ ಚಿತ್ರದಲ್ಲಿ ಬರಿದಾದ ಗವಿಯ ಮುಂದೆ ನಿಂತ ಹೆಂಗಸರಿಗೆ ‘ಎದ್ದಿದ್ದಾನೆ’ ಎಂದೇ ಹೇಳಬೇಕು. ಒಂದೇ ಫಲಕದ ಸರಣಿಯಲ್ಲಿ ಎರಡು ರೂಪ ಬಳಸಿದರೆ ಕೇಳುವವರಿಗೆ ಗೊಂದಲವಾದೀತೆ? ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ತಿಳಿಸಿ.

ಆತನು, ಅವರು ಎಂಬುದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪ್ರೊಟೆಸ್ಟೆಂಟರ ಹಳೆಯ ಅನುವಾದಕ್ಕೆ ‘ಆತನು’, ಕಥೋಲಿಕರಿಗೆ ‘ಯೇಸುಸ್ವಾಮಿಯವರು’; ಅಂಗಳದಲ್ಲಿ ಇಬ್ಬರೂ ಇರುತ್ತಾರೆ, ನಾನು ಹೆಸರನ್ನೇ ಹೇಳಿ ದಾಟುತ್ತೇನೆ.

ಇನ್ನೊಂದು ಸಣ್ಣ ವಿಷಯ. ಮುಂದಿನ ವರ್ಷಕ್ಕೆ ಜೆಫಿರೆಲ್ಲಿಯ 1977ರ ‘ಜೀಸಸ್ ಆಫ್ ನಜರೆತ್’ ತೋರಿಸೋಣ ಎನ್ನುತ್ತಿದ್ದಾರೆ. ಅದರಲ್ಲಿ ಯೇಸು ಹೊರುವುದು ಇಡೀ ಶಿಲುಬೆಯನ್ನಲ್ಲ, ಅಡ್ಡಮರವನ್ನು ಮಾತ್ರ. ನಿಲುಗಂಬ ವಧಾಸ್ಥಾನದಲ್ಲೇ ನೆಟ್ಟಿರುತ್ತಿತ್ತು ಎಂದು ವಿದ್ವಾಂಸರು ಹೇಳುವುದೂ ಇದನ್ನೇ. ‘ಶಿಲುಬೆ’ ಸಿರಿಯಾಕ್‌ನ ‘ಸ್ಲೀಬಾ’ದಿಂದ ಬಂದು ನಮ್ಮದಾದ ಪದ, ಅದನ್ನು ಬಿಡುವ ಮಾತಿಲ್ಲ. ಆದರೂ ತೆರೆಯ ಮೇಲೆ ಒಂಟಿ ತೊಲೆ ಕಾಣುವಾಗ ‘ಶಿಲುಬೆ ಹೊತ್ತು’ ಎನ್ನಲೇ, ‘ಶಿಲುಬೆಯ ತೊಲೆ ಹೊತ್ತು’ ಎನ್ನಲೇ? ನಮ್ಮ ಬೀದಿಯ ಬಡಗಿಯನ್ನು ಕೇಳಿದರೆ “ಅದು ಅಡ್ಡತೊಲೆ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಕಿಟ್ಟೆಲರು 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿದ ‘ಕಥಾಮಾಲೆ’, ಗೋವಿಂದ ಪೈಗಳ ‘ಗೊಲ್ಗೊಥಾ’ ಇವೆರಡೂ ಕೈಯಲ್ಲಿರುವವರು ದೇಹಕ್ಕೆ, ಅದನ್ನಿಟ್ಟ ಜಾಗಕ್ಕೆ ಅಲ್ಲಿ ಯಾವ ಪದಗಳಿವೆ ಎಂದು ದಯವಿಟ್ಟು ನೋಡಿ ಬರೆಯಿರಿ. ಕ್ರೈಸ್ತ ಮನೆಗಳಲ್ಲಿ ಹುಟ್ಟಿ ಬೆಳೆದ ಸದಸ್ಯರು ಅಜ್ಜಿ ತಾತಂದಿರಿಂದ ಕೇಳಿದ ಮಾತನ್ನು ಹೇಳಿದರೆ ಇನ್ನೂ ಒಳ್ಳೆಯದು; ಅಚ್ಚಾದ ಪುಸ್ತಕಕ್ಕಿಂತ ಅದರ ಮೇಲೆ ನನಗೆ ಹೆಚ್ಚು ಭರವಸೆ.

ಸದ್ಯಕ್ಕೆ ನನ್ನ ಹಾಳೆಯಲ್ಲಿ ಹೀಗಿದೆ: ‘ಸತ್ತ ಯೇಸುವನ್ನು ಬಂಡೆಯ ಗವಿಯಲ್ಲಿ ಮಲಗಿಸಿ ಬಾಗಿಲಿಗೆ ಕಲ್ಲು ಮುಚ್ಚಿದರು.’ ಹೆಣವೂ ಇಲ್ಲ, ದೇಹವೂ ಇಲ್ಲ, ‘ಸತ್ತ’ ಎಂಬುದು ಉಳಿದಿದೆ. ಯಜಮಾನರು ಒಪ್ಪಿದ್ದಾರೆ. ಅಜ್ಜಿಗೆ ಇನ್ನೂ ಓದಿ ತೋರಿಸಿಲ್ಲ. ಪ್ರದರ್ಶನ ಶನಿವಾರ ಸಂಜೆ ಏಳಕ್ಕೆ. ಶುಕ್ರವಾರ ರಾತ್ರಿಯೊಳಗೆ ಬಂದ ಸಲಹೆಗಳನ್ನೆಲ್ಲ ಹಾಳೆಯಲ್ಲಿ ತಿದ್ದಿಕೊಳ್ಳುತ್ತೇನೆ.