ಗ್ಲೋ ಬಗ್ ಕಟ್ಟಿದರೆ ಮೇಲೆ ಗುಡ್ಡ, ಕೆಳಗೆ ಬೋಳು: ಮೊಟ್ಟೆ ಫ್ಲೈ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿದ್ದೇನೆ. ಅಕ್ಟೋಬರ್ ಕೊನೆಗೆ ಪಿಯರ್ ಮಾರ್ಕೆಟ್ ನದಿಗೆ ಹೋಗುವ ಯೋಚನೆ ಇದೆ. ಊರಲ್ಲಿ ಕಾವೇರಿಗೆ ರಾಗಿ ಉಂಡೆ ಕಟ್ಟಿ ಗಾಳ ಹಾಕಿದವನು ನಾನು, ಫ್ಲೈ (ಕೊಕ್ಕೆಗೆ ನೂಲು ಸುತ್ತಿ ಮಾಡುವ ನಕಲಿ ಎರೆ) ಕಟ್ಟುವುದು ಹೊಸದು. ಮೀನಿನ ಮೊಟ್ಟೆಯಂತೆ ಕಾಣುವ ಗ್ಲೋ ಬಗ್ ಫ್ಲೈ ಕಟ್ಟಿದರೆ ಯಾರ್ನ್ (ಮೆತ್ತನೆ ನೂಲು) ಎಲ್ಲಾ ಮೇಲೆ ಗುಡ್ಡೆಯಾಗುತ್ತದೆ, ಕೆಳಗೆ ಬೋಳು. ಬಿಗಿಯಾಗಿ ಎಳೆದರೆ ದಾರ ಕಿತ್ತುಹೋಗುತ್ತದೆ. ಏನು ಮಾಡಲಿ?

ಉತ್ತರ: ನಮಸ್ಕಾರ. ಮೊದಲು ದಾರ ಬದಲಿಸಿ. ಸಣ್ಣ ಫ್ಲೈಗಳಿಗೆ ಬಳಸುವ ತೆಳು ದಾರ ಇಲ್ಲಿ ನಡೆಯುವುದಿಲ್ಲ. ಜೆಲ್ ಸ್ಪನ್ ಅಥವಾ ಕೆವ್ಲಾರ್ ಅನ್ನುವ ಗಟ್ಟಿ ದಾರ ತನ್ನಿ. ಯಾರ್ನ್ ಅರಳಿ ಉಂಡೆಯಾಗುವುದೇ ದಾರದ ಬಿಗಿಯಿಂದ. ಜೆಲ್ ಸ್ಪನ್ ಜಾರುತ್ತದೆ, ಅದಕ್ಕೆ ಸ್ವಲ್ಪ ಮೇಣ ಸವರಿ.

ಕೊಕ್ಕೆ ಗಿಡ್ಡ ದಂಡದ್ದು (ಕೊಕ್ಕೆಯ ನೇರ ಭಾಗವೇ ದಂಡ), ಬಾಯಿ ಅಗಲ ಇರುವಂಥದ್ದು, 10ನೇ ನಂಬರ್ ಆದರೆ ಶುರು ಮಾಡಲು ಚೆನ್ನ. ದಂಡದ ನಡುವೆ ದಾರದ ಹಾಸು ಹಾಕಿ. ಮೂರು ಎಳೆ ಯಾರ್ನನ್ನು ದಂಡದ ಉದ್ದಕ್ಕೂ ಇಟ್ಟು ಒಂದು ಸಡಿಲ ಸುತ್ತು ಹಾಕಿ. ಬಿಗಿ ಮಾಡುವ ಮೊದಲು ಹೆಬ್ಬೆರಳು, ತೋರುಬೆರಳಿನಿಂದ ಯಾರ್ನನ್ನು ದಂಡದ ಎರಡೂ ಬದಿಗೆ ಒತ್ತಿ ಇಳಿಸಿ. ನಿಮ್ಮ ಬೋಳಿಗೆ ಮದ್ದು ಇದೇ. ಆಮೇಲೆ ನಾಲ್ಕು ಸುತ್ತು, ಎಲ್ಲವೂ ಒಂದೇ ಜಾಗದಲ್ಲಿ, ಹೂಮಾಲೆ ಕಟ್ಟುವವರು ಎಳೆಯುವ ಹಾಗೆ ಗಟ್ಟಿಯಾಗಿ. ಸುತ್ತು ಹರಡಿದರೆ ಉಂಡೆ ಬದಲು ಸಿಲಿಂಡರ್ ಆಗುತ್ತದೆ. ಮುಂದಿನ ಯಾರ್ನನ್ನು ಹಿಂದಕ್ಕೆ ಹಿಡಿದು, ಅದರ ಮುಂದೆ ಎರಡು ಮೂರು ಸುತ್ತು ಹಾಕಿ ಗಂಟು ಮುಗಿಸಿ.

ಈಗ ಕತ್ತರಿ. ಯಾರ್ನ್ ಎಲ್ಲವನ್ನೂ ಸೇರಿಸಿ ಮೇಲಕ್ಕೆ ಜಗ್ಗಿ ಹಿಡಿದು ಒಂದೇ ಏಟಿಗೆ ಕತ್ತರಿಸಿ. ಬಾಗಿದ, ಹರಿತವಾದ ಕತ್ತರಿ ಬೇಕು. ಚೂರು ಚೂರು ಕತ್ತರಿಸಿದರೆ ಮೆಟ್ಟಿಲು ಮೆಟ್ಟಿಲಾಗುತ್ತದೆ, ಸರಿ ಮಾಡಲು ಹೋದಷ್ಟೂ ಕೆಡುತ್ತದೆ. ದಂಡದಿಂದ ಎಷ್ಟು ಎತ್ತರಕ್ಕೆ ಕತ್ತರಿಸಿದಿರೋ ಮೊಟ್ಟೆ ಅದರ ಎರಡರಷ್ಟು ಅಗಲ ಬರುತ್ತದೆ. 8 ಮಿ.ಮೀ. ಮೊಟ್ಟೆ ಬೇಕಾದರೆ 4 ಮಿ.ಮೀ. ಮೇಲೆ ಕತ್ತರಿಸಿ. ಕೈ ಬಿಟ್ಟ ಮೇಲೆ ಎಳೆಗಳನ್ನು ಬೆರಳಿನಿಂದ ಸುತ್ತಲೂ ಕೆಳಗೆಳೆದು ಹರಡಿ.

ಪ್ರಶ್ನೆ: ಥ್ಯಾಂಕ್ಸ್ ಸರ್. ಅಂಗಡಿಯಲ್ಲಿ ಬಣ್ಣಗಳೇ ಇಪ್ಪತ್ತು ಇವೆ. ಯಾವುದು ತಗೊಳ್ಳಲಿ?

ಉತ್ತರ: ಎಲ್ಲಾ ಕೊಳ್ಳಬೇಡಿ, ಅಂಗಡಿಯವರಿಗೆ ಖುಷಿ ಅಷ್ಟೆ. ಆಗ ನದಿಯಲ್ಲಿ ಯಾರ ಮೊಟ್ಟೆ ಇರುತ್ತದೆ ಅಂತ ನೋಡಿ. ಅಕ್ಟೋಬರ್‌ನಲ್ಲಿ ಚಿನೂಕ್ ಸಾಲ್ಮನ್ ಮೊಟ್ಟೆ ಇಡುತ್ತವೆ. ಮಿಷಿಗನ್ 1967ರಲ್ಲಿ ಬಿಟ್ಟ ಮರಿಗಳಿಂದ ಬೆಳೆದ ಸಂತತಿ ಅದು. ಅವುಗಳ ಮೊಟ್ಟೆ ದೊಡ್ಡದು, ಕಿತ್ತಳೆ ಬಣ್ಣ. ಬ್ರೌನ್ ಟ್ರೌಟ್ ಮೀನು, ಸ್ಟೀಲ್‌ಹೆಡ್ (ಸರೋವರದಲ್ಲಿ ಬೆಳೆದು ನದಿಗೆ ಮರಳುವ ರೇನ್‌ಬೋ ಟ್ರೌಟ್) ಇವುಗಳ ಮೊಟ್ಟೆ ಅದಕ್ಕಿಂತ ಚಿಕ್ಕದು, 4-5 ಮಿ.ಮೀ. ಆಸುಪಾಸು. ಸ್ಟೀಲ್‌ಹೆಡ್ ಮೊಟ್ಟೆ ಇಡುವುದು ಮುಖ್ಯವಾಗಿ ವಸಂತದಲ್ಲಿ, ಆಗ 12 ಅಥವಾ 14ರ ಕೊಕ್ಕೆಗೆ ಇಳಿಯಿರಿ (ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು).

ಇನ್ನೊಂದು ವಿಷಯ. ಸಾಲ್ಮನ್ ಮೊಟ್ಟೆ ಇಡಲು ನದಿತಳದಲ್ಲಿ ತೋಡುವ ಗೂಡಿನ ಜಲ್ಲಿಯೊಳಗೆ ಹೂತ ಮೊಟ್ಟೆ ಬೇರೆ ಮೀನಿಗೆ ಸಿಗುವುದಿಲ್ಲ. ಹೊರಗೆ ತಪ್ಪಿಸಿಕೊಂಡು ತೇಲಿಬರುವುದೇ ಸಿಗುವುದು. ಅದರಲ್ಲಿ ಸತ್ತದ್ದು ಬಿಳಿಚಿಕೊಂಡು ಮಬ್ಬಾಗಿರುತ್ತದೆ. ಹಾಗಾಗಿ ತಿಳಿ ನೀರಿಗೆ ಪೀಚ್, ಕೆನೆ ಬಣ್ಣ ಇರಲಿ. ಮಳೆ ಬಂದು ಕದಡಿದ ನೀರಿಗೆ ಗಾಢ ಕಿತ್ತಳೆ ಅಥವಾ ಷಾರ್ಟ್ರೂಸ್ (ಹಳದಿ ಮಿಶ್ರಿತ ಹಸಿರು). ಮೂರು ಎಳೆಯ ಮೇಲೆ ಕೆಂಪಿನದೊಂದು ತೆಳು ಎಳೆ ಸೇರಿಸಿದರೆ ನಡುವೆ ಚುಕ್ಕೆ ಬರುತ್ತದೆ. ನೋಡಲು ಚೆಂದ. ಮೀನಿಗೆ ಅದು ಬೇಕೇ ಬೇಕು ಅಂತ ನನಗೇನೂ ಅನ್ನಿಸಿಲ್ಲ.

ಇನ್ನೊಬ್ಬ ಸದಸ್ಯರು: ಸರ್, ನದಿಗೆ ಬಂದ ಸಾಲ್ಮನ್ ಏನೂ ತಿನ್ನುವುದಿಲ್ಲ ಅಲ್ವಾ? ಮತ್ತೆ ಮೊಟ್ಟೆ ಫ್ಲೈ ಯಾಕೆ?

ಉತ್ತರ: ಸರಿಯಾದ ಪ್ರಶ್ನೆ. ಚಿನೂಕ್ ತಿನ್ನುವುದನ್ನು ನಿಲ್ಲಿಸಿರುತ್ತದೆ, ಮೊಟ್ಟೆ ಇಟ್ಟು ಸಾಯುತ್ತದೆ. ಕೆಲವೊಮ್ಮೆ ಸಿಟ್ಟಿಗೆ ಕಚ್ಚಬಹುದು. ನಮಗೆ ಬೇಕಾದವು ಅವುಗಳ ಹಿಂದೆ ನಿಂತು, ತೇಲಿಬರುವ ಮೊಟ್ಟೆಗಾಗಿ ಕಾಯುವ ಸ್ಟೀಲ್‌ಹೆಡ್, ಬ್ರೌನ್ ಟ್ರೌಟ್. ಆದ್ದರಿಂದ ಗೂಡಿನ ಮೇಲೆ ಗಾಳ ಬಿಡಬೇಡಿ, ಅದರಿಂದ ಕೆಳಕ್ಕೆ, ನೀರು ಹರಿದುಹೋಗುವ ಕಡೆಯ ಆಳದಲ್ಲಿ ಬಿಡಿ. ತೊಳೆದಿಟ್ಟ ಹಾಗೆ ಬೆಳ್ಳಗೆ ಕಾಣುವ ಜಲ್ಲಿ ಗೂಡಿನ ಗುರುತು, ಅದನ್ನು ತುಳಿಯಲೂ ಬಾರದು.

ಅದೇ ಸದಸ್ಯರು: ಇಷ್ಟೆಲ್ಲಾ ಕಷ್ಟ ಯಾಕೆ, ಮೊಟ್ಟೆಯಂಥ ಪ್ಲಾಸ್ಟಿಕ್ ಮಣಿ ಸಾಕಲ್ವಾ?

ಉತ್ತರ: ಮಣಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸುಮ್ನೆ ಬೈಯಲಾರೆ. ಆದರೆ ಯಾರ್ನ್ ಮೆತ್ತಗಿರುತ್ತದೆ, ಮೀನಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಬೇಗ ಉಗುಳಲಾಗುವುದಿಲ್ಲ. ಮಣಿಯಲ್ಲಿ ಕೊಕ್ಕೆ ಬೇರೆ, ಮಣಿ ಬೇರೆ. ನಡುವೆ ದೂರ ಜಾಸ್ತಿ ಆದರೆ ಕೊಕ್ಕೆ ಬಾಯಿಯ ಹೊರಗೆ, ಕಣ್ಣಿನ ಹತ್ತಿರ ಚುಚ್ಚುತ್ತದೆ. ಅಲಾಸ್ಕಾದಲ್ಲಿ ಮಣಿಯನ್ನು ಕೊಕ್ಕೆಯಿಂದ 2 ಇಂಚಿನೊಳಗೆ ಭದ್ರ ಮಾಡಬೇಕು, ಇಲ್ಲವೇ ದಾರದ ಮೇಲೆ ಸಲೀಸಾಗಿ ಜಾರುವಂತಿರಬೇಕು ಅನ್ನುವುದು ನಿಯಮ. ಪಿಯರ್ ಮಾರ್ಕೆಟ್‌ನಲ್ಲಿ ಫ್ಲೈ ಮಾತ್ರ ಅನ್ನುವ ಭಾಗವೂ ಇದೆ. ಹೋಗುವ ಮುನ್ನ ಆ ವರ್ಷದ ನಿಯಮಪುಸ್ತಕ ಓದಿಕೊಳ್ಳಿ.

ಪ್ರಶ್ನೆ: ಸರ್, ನೀವು ಹೇಳಿದ ಹಾಗೇ ಕಟ್ಟಿದೆ, ಉಂಡೆ ಬಂತು! ಬಟ್ಟಲಲ್ಲಿ ಹಾಕಿದರೆ ತೇಲುತ್ತಿದೆ.

ಉತ್ತರ: ಯಾರ್ನ್ ಒಳಗೆ ಗಾಳಿ ಇದೆ. ನೀರಲ್ಲಿ ಅದ್ದಿ ಬೆರಳಲ್ಲಿ ಹಿಂಡಿ. ಆದರೂ ತೇಲಿದರೆ ಮೂರರ ಬದಲು ಎರಡೇ ಎಳೆ ಹಾಕಿ, ಕೊಕ್ಕೆಯ ಬಾಯಿಯೂ ತೆರೆದಿರುತ್ತದೆ. ತಳಕ್ಕೆ ಇಳಿಸುವ ಕೆಲಸ ಫ್ಲೈಯದಲ್ಲ, ಅದರ ಒಂದೂವರೆ ಅಡಿ ಮೇಲೆ ಗಾಳದ ದಾರಕ್ಕೆ ಕಚ್ಚಿಸುವ ಸಣ್ಣ ತೂಕದ ಗುಂಡುಗಳದು. ಗುಂಡು ಆಗೊಮ್ಮೆ ಈಗೊಮ್ಮೆ ತಳಕ್ಕೆ ತಾಗುತ್ತಿದ್ದರೆ ತೂಕ ಸರಿ ಇದೆ. ಪ್ರತಿ ಸಲವೂ ಸಿಕ್ಕಿಕೊಂಡರೆ ಒಂದು ಗುಂಡು ತೆಗೆಯಿರಿ.